ಬೆಡ್ ನಂಬರ್ ಏಳರ ಕಡೆಯವರು

ಹೊಲಿಗೆ ಯಂತ್ರದ ಪೆಡಲ್ ತುಳಿಯಲು ಕಾಲಿಗೆ ಬಲ ಸಾಲುತ್ತಿಲ್ಲ ಎಂದು ನನ್ನ ಹೆಂಡತಿ ಹೇಳಿದ್ದು 2023ರ ಸೆಪ್ಟೆಂಬರ್‌ನಲ್ಲಿ, ಗೌರಿ ಹಬ್ಬಕ್ಕೆ ಇನ್ನು ನಾಲ್ಕು ದಿನ ಇರುವಾಗ. ಹಬ್ಬಕ್ಕೆ ಕೊಡಬೇಕಾದ ರವಿಕೆಗಳು ಏಳೆಂಟು ಬಾಕಿ ಇದ್ದವು. ದೋಷ ಯಂತ್ರದ್ದೇ ಇರಬೇಕೆಂದು ನಾನು ಎಣ್ಣೆ ಬಿಟ್ಟೆ, ಸಡಿಲವಾಗಿದ್ದ ಬೆಲ್ಟನ್ನು ಬಿಗಿ ಮಾಡಿದೆ, ನನ್ನ ಕಾಲಿನಿಂದಲೇ ತುಳಿದು ನೋಡಿದೆ. ಚಕ್ರ ಸಲೀಸಾಗಿ ತಿರುಗಿತು. ಮರುದಿನ ಬೆಳಿಗ್ಗೆ ಅವಳು ಬಾವಿಕಟ್ಟೆಯಿಂದ ಅಂಗಳಕ್ಕೆ ಬರುವಾಗ ಎಡಗಾಲಿನ ಹವಾಯಿ ಚಪ್ಪಲಿ ಕಳಚಿ ದಾರಿಯಲ್ಲೇ ಉಳಿದಿತ್ತು. ಚಪ್ಪಲಿ ಎಲ್ಲಿ ಎಂದು ನಾನು ಕೇಳಿದ ಮೇಲೆಯೇ ಅವಳು ಬಗ್ಗಿ ತನ್ನ ಪಾದವನ್ನು ನೋಡಿಕೊಂಡದ್ದು.

ಮೂರನೆಯ ರಾತ್ರಿ ನೆಲದಿಂದ ಏಳಲು ಆಗಲಿಲ್ಲ. ತೀರ್ಥಹಳ್ಳಿಯ ವೈದ್ಯರೊಬ್ಬರು ಭಾನುವಾರ ಬೆಳಿಗ್ಗೆ ರಬ್ಬರ್ ಸುತ್ತಿಗೆಯಿಂದ ಅವಳ ಎರಡೂ ಮಂಡಿಗೆ ತಟ್ಟಿ ನೋಡಿದರು, ಕಾಲು ಮಿಸುಕಲಿಲ್ಲ. ಇತ್ತೀಚೆಗೆ ಭೇದಿ ಆಗಿತ್ತೇ ಎಂದು ಅವರು ಕೇಳಿದಾಗ ನಮಗೆ ಆಶ್ಚರ್ಯವಾಯಿತು, ಏಕೆಂದರೆ ಹತ್ತು ದಿನಗಳ ಹಿಂದೆ ಒಂದು ಮದುವೆಯೂಟದ ನಂತರ ಅವಳಿಗೆ ಹೊಟ್ಟೆ ಕೆಟ್ಟು, ಎರಡೇ ದಿನದಲ್ಲಿ ವಾಸಿಯಾಗಿತ್ತು. "ಇವತ್ತೇ ದೊಡ್ಡ ಆಸ್ಪತ್ರೆಗೆ ಕರ್ಕೊಂಡು ಹೋಗಿ, ನಾಳೆ ಅನ್ನಬೇಡಿ" ಎಂದು ಅವರು ಹೇಳಿದ ಆ ಒಂದು ಮಾತಿನಿಂದ ಇಂದು ನಾನು ಇದನ್ನು ಬರೆಯುವ ಸ್ಥಿತಿಯಲ್ಲಿದ್ದೇನೆ. ಮಳೆ, ಮಂಜು ತುಂಬಿದ್ದ ಆಗುಂಬೆ ಘಾಟಿಯ ತಿರುವುಗಳಲ್ಲಿ ಆಂಬುಲೆನ್ಸ್ ಇಳಿಯುತ್ತಿದ್ದಾಗ ಅವಳು "ಕೈಗೂ ಜೋಮು ಬಂತು ರೀ" ಎಂದಳು. ಮಧ್ಯಾಹ್ನದ ಹೊತ್ತಿಗೆ ಮಂಗಳೂರಿನ ಆಸ್ಪತ್ರೆಯೊಂದನ್ನು ಮುಟ್ಟಿದೆವು.

ಕಾಯಿಲೆಯ ಹೆಸರು ಗಿಯಾನ್ ಬಾರೆ ಸಿಂಡ್ರೋಮ್. ಆಸ್ಪತ್ರೆಯಲ್ಲಿ ಎಲ್ಲರೂ ಜಿಬಿಎಸ್ ಎನ್ನುತ್ತಾರೆ. ಸೋಂಕಿನ ವಿರುದ್ಧ ಹೋರಾಡಲು ಎದ್ದ ದೇಹದ ರಕ್ಷಣಾ ವ್ಯವಸ್ಥೆ, ಸೋಂಕು ಹೋದ ಮೇಲೆ ಗುರಿ ತಪ್ಪಿ ತನ್ನದೇ ನರಗಳ ಮೇಲೆ ಬೀಳುತ್ತದೆ. ವಿದ್ಯುತ್ ತಂತಿಯ ಮೇಲಿನ ಪ್ಲಾಸ್ಟಿಕ್ ಹೊದಿಕೆಯಂತೆ ನರಗಳ ಮೇಲೆ ಮಯಲಿನ್ ಎಂಬ ಹೊದಿಕೆ ಇರುತ್ತದೆ. ಅದು ಕಿತ್ತುಹೋದಾಗ ಮಿದುಳಿನ ಆಜ್ಞೆ ಸ್ನಾಯುವಿಗೆ ತಲುಪುವುದಿಲ್ಲ. ಸಾಮಾನ್ಯವಾಗಿ ಪಾದದಿಂದ ಆರಂಭಿಸಿ ಮೇಲಕ್ಕೆ ಏರುತ್ತದೆ. ವರ್ಷಕ್ಕೆ ಲಕ್ಷ ಜನರಲ್ಲಿ ಒಬ್ಬರಿಗೋ ಇಬ್ಬರಿಗೋ ಬರುವ ಈ ಕಾಯಿಲೆಯನ್ನು 1916ರಲ್ಲಿ, ಮೊದಲ ಮಹಾಯುದ್ಧದ ನಡುವೆ, ಫ್ರೆಂಚ್ ಸೈನ್ಯದ ವೈದ್ಯರು ಇಬ್ಬರು ಸೈನಿಕರಲ್ಲಿ ಕಂಡು ವಿವರಿಸಿದರು. ಬೆನ್ನಿನ ನೀರು ತೆಗೆದು ನೋಡಿದರೆ ಅದರಲ್ಲಿ ಪ್ರೋಟೀನ್ ಹೆಚ್ಚಿರುತ್ತದೆ, ಆದರೆ ಬಿಳಿ ರಕ್ತಕಣಗಳು ಹೆಚ್ಚಿರುವುದಿಲ್ಲ ಎಂದು ಅವರು ಅಂದು ಬರೆದದ್ದನ್ನೇ ಇಂದಿಗೂ ವೈದ್ಯರು ಹುಡುಕುತ್ತಾರೆ. ನನ್ನ ಹೆಂಡತಿಯ ಬೆನ್ನಿನ ನೀರಿನ ವರದಿಯೂ ಕೆಲವು ದಿನಗಳ ನಂತರ ಅದನ್ನೇ ಹೇಳಿತು. ಪ್ರಜ್ಞೆಗೆ ಈ ಕಾಯಿಲೆ ಕೈ ಹಚ್ಚುವುದಿಲ್ಲ. ಈ ವಾಕ್ಯವನ್ನು ವೈದ್ಯರು ನನಗೆ ಮೊದಲ ದಿನವೇ ಹೇಳಿದ್ದರು. ಅದರ ಅರ್ಥ ನನಗೆ ಆಗಲು ಒಂಬತ್ತು ದಿನ ಹಿಡಿಯಿತು.

ಅಂದು ಸಂಜೆ ಒಬ್ಬ ಯುವ ವೈದ್ಯ ಅವಳ ಪಕ್ಕ ನಿಂತು, "ದೀರ್ಘವಾಗಿ ಉಸಿರು ತಗೊಂಡು, ಒಂದೇ ಉಸಿರಲ್ಲಿ ಒಂದರಿಂದ ಎಣಿಸಿ ಅಮ್ಮಾ" ಎಂದರು. ಅವಳು 22ರವರೆಗೆ ಎಣಿಸಿದಳು. ಬೆರಳಿಗೆ ಸಿಕ್ಕಿಸಿದ ಯಂತ್ರ ಆಮ್ಲಜನಕ 98 ಎಂದು ತೋರಿಸುತ್ತಿತ್ತು, ನಾನು ಅದನ್ನೇ ನೋಡಿ ಸಮಾಧಾನಪಟ್ಟುಕೊಳ್ಳುತ್ತಿದ್ದೆ. ಆದರೆ ಈ ಕಾಯಿಲೆಯಲ್ಲಿ ಆ ಅಂಕಿ ಕೊನೆಯಲ್ಲಿ ಇಳಿಯುತ್ತದೆ. ಉಸಿರಾಟದ ಸ್ನಾಯುಗಳು ಸೋಲುತ್ತಿರುವುದು ಅದಕ್ಕೂ ಬಹಳ ಮೊದಲೇ ಎಣಿಕೆಯಲ್ಲಿ ಗೊತ್ತಾಗುತ್ತದೆ. ರಾತ್ರಿ ಹತ್ತಕ್ಕೆ 15. ಎರಡು ಗಂಟೆಗೆ 9. "ಹತ್ತು" ಎನ್ನಲು ಬಾಯಿ ತೆರೆದವಳಿಗೆ ಅದಕ್ಕೆ ಬೇಕಾದ ಗಾಳಿ ಉಳಿದಿರಲಿಲ್ಲ. ಕಾಯುವುದು ಬೇಡ, ಈಗಲೇ ವೆಂಟಿಲೇಟರ್ ಹಾಕುತ್ತೇವೆ ಎಂದು ನನ್ನಿಂದ ಸಹಿ ಪಡೆದರು. ಅಂದು ಗೌರಿ ಹಬ್ಬದ ಬೆಳಗಿನ ಜಾವ.

ಸ್ವಲ್ಪ ಹೊತ್ತಿಗೆ ಒಬ್ಬ ಸಿಸ್ಟರ್ ಹೊರಗೆ ಬಂದು ಒಂದು ಸಣ್ಣ ಪ್ಲಾಸ್ಟಿಕ್ ಕವರ್ ಕೊಟ್ಟರು. ತಾಳಿ ಸರ, ಎರಡು ಓಲೆ, ಮೂಗುತಿ, ಕಾಲುಂಗುರ, ಸೋಪು ಹಚ್ಚಿ ತೆಗೆದಿದ್ದ ಹಸಿರು ಗಾಜಿನ ಬಳೆಗಳು. ಒಂದೊಂದನ್ನೂ ರಿಜಿಸ್ಟರಿನಲ್ಲಿ ಬರೆದು, ಸರಿಯಾಗಿದೆಯೆಂದು ನನ್ನ ಸಹಿ. ಹಬ್ಬದ ದಿನ ಮುತ್ತೈದೆಯ ಮೈಮೇಲಿಂದ ಇವೆಲ್ಲ ಇಳಿದು ನನ್ನ ಕೈಗೆ ಬಂದದ್ದನ್ನು ನಮ್ಮ ಅತ್ತೆಯವರಿಗೆ ನಾನು ಹೇಳಲಿಲ್ಲ. ಕವರನ್ನು ಅಂಗಿಯ ಎಡ ಜೇಬಿನಲ್ಲಿ ಇಟ್ಟುಕೊಂಡೆ; ಮುಂದಿನ 56 ದಿನಗಳಲ್ಲಿ ಅಂಗಿ ಬದಲಾದಾಗಲೆಲ್ಲ ಅದು ಹೊಸ ಅಂಗಿಯ ಜೇಬಿಗೆ ಹೋಗುತ್ತಿತ್ತು. ಐಸಿಯು ಹೊರಗಿನ ಹಾಲ್‌ನಲ್ಲಿ ಸ್ಟೀಲ್ ಕುರ್ಚಿಗಳ ಸಾಲು, ಚಾಪೆ, ಬ್ಯಾಗು, ಫ್ಲಾಸ್ಕು, ಚಾರ್ಜರಿಗಾಗಿ ಸರದಿ. ಅಲ್ಲಿ ಯಾರಿಗೂ ಹೆಸರಿಲ್ಲ. ಮೈಕಿನಲ್ಲಿ "ಬೆಡ್ ನಂಬರ್ ಏಳರ ಕಡೆಯವರು" ಎಂದು ಕರೆದರೆ ನಾನು ಏಳಬೇಕು. ಔಷಧದ ಚೀಟಿಯೇ, ರಕ್ತವೇ, ಸಹಿಯೇ, ಇನ್ನೇನೋ ಸುದ್ದಿಯೇ ಎಂಬುದು ಬಾಗಿಲು ಮುಟ್ಟುವವರೆಗೆ ತಿಳಿಯುವುದಿಲ್ಲ.

ಐದು ದಿನ ಇಮ್ಯುನೊಗ್ಲಾಬ್ಯುಲಿನ್ ಕೊಟ್ಟರು. ಸಾವಿರಾರು ದಾನಿಗಳ ರಕ್ತದ ಪ್ಲಾಸ್ಮಾ ಒಟ್ಟುಗೂಡಿಸಿ ತೆಗೆಯುವ ಔಷಧ ಅದು. ಕಿಲೋ ತೂಕಕ್ಕೆ ದಿನಕ್ಕೆ 0.4 ಗ್ರಾಂ ಲೆಕ್ಕ. 62 ಕಿಲೋ ತೂಕದ ಅವಳಿಗೆ ಐದು ಗ್ರಾಂನ ಬಾಟಲಿಗಳು ದಿನಕ್ಕೆ ಐದು, ಒಟ್ಟು 25. ಅಪರಿಚಿತರಾದ ಅಷ್ಟೊಂದು ಜನರ ರಕ್ತದ ಅಂಶ ಅವಳ ತೋಳಿಗೆ ಹನಿಹನಿಯಾಗಿ ಇಳಿಯುವುದನ್ನು ನೋಡುವಾಗ ನನಗೆ ಕೃತಜ್ಞತೆ ಹೇಳಲು ಯಾರ ಮುಖವೂ ಇರಲಿಲ್ಲ. ಆರನೆಯ ದಿನ ಅವಳು ಕೈ ಎತ್ತುತ್ತಾಳೆಂದು ನಾನು ನಂಬಿದ್ದೆ. ಆದರೆ ಈ ಔಷಧ ದಾಳಿಯನ್ನು ತಗ್ಗಿಸುತ್ತದೆಯೇ ಹೊರತು ಕೆಟ್ಟುಹೋದ ನರವನ್ನು ಕಟ್ಟುವುದಿಲ್ಲ. ಕಟ್ಟುವ ಕೆಲಸವನ್ನು ದೇಹವೇ ತನ್ನ ವೇಗದಲ್ಲಿ ಮಾಡಿಕೊಳ್ಳಬೇಕು. ಹೊದಿಕೆ ಮಾತ್ರ ಹೋಗಿದ್ದರೆ ವಾರಗಳು, ತಿಂಗಳುಗಳು. ಒಳಗಿನ ತಂತುವೇ ಮುರಿದಿದ್ದರೆ ಅದು ಬೆಳೆಯುವುದು ದಿನಕ್ಕೆ ಸುಮಾರು ಒಂದು ಮಿಲಿಮೀಟರ್. ಸೊಸೈಟಿಯಲ್ಲಿ ಲೆಕ್ಕ ಬರೆದೇ ಬದುಕು ಸಾಗಿಸಿದವನು ನಾನು. ಅವಳ ಮಂಡಿಯಿಂದ ಕಾಲ್ಬೆರಳಿನವರೆಗೆ ಗೇಣಿನಿಂದ ಅಳೆದು, 45 ಸೆಂಟಿಮೀಟರ್, 450 ದಿನ ಎಂದು ಪುಸ್ತಕದಲ್ಲಿ ಬರೆದುಕೊಂಡೆ.

ಒಂಬತ್ತನೆಯ ದಿನ ನಡೆದದ್ದನ್ನು ಬರೆಯದಿದ್ದರೆ ಈ ಬರಹಕ್ಕೆ ಅರ್ಥವಿಲ್ಲ. ಅಷ್ಟು ಹೊತ್ತಿಗೆ ಕಾಯಿಲೆ ಮುಖಕ್ಕೂ ಏರಿತ್ತು. ರೆಪ್ಪೆ ಪೂರ್ತಿ ಮುಚ್ಚಲು ಆಗದೆ ಕಣ್ಣು ಒಣಗುತ್ತದೆಂದು ಮುಲಾಮು ಹಚ್ಚಿ, ಮೇಲೆ ತೆಳುವಾದ ಟೇಪ್ ಅಂಟಿಸಿದ್ದರು. ಬೆಳಗಿನ ಭೇಟಿಯ ಸಮಯದಲ್ಲಿ ಭಾವನೂ ನಾನೂ ಅವಳ ಮಂಚದ ಎರಡು ಬದಿಗೆ ನಿಂತು, ಅವಳು ನಿದ್ದೆಯಲ್ಲಿದ್ದಾಳೆ ಎಂದು ತಿಳಿದು, ಬಿಲ್ಲಿನ ವಿಷಯ ಮಾತನಾಡಿದೆವು. ಕೆಳಗಿನ ತೋಟ ಮಾರಿದರೆ ಎಷ್ಟು ಬಂದೀತು, ಮಗಳ ಮದುವೆಗೆಂದು ತೆಗೆದಿಟ್ಟದ್ದನ್ನು ಮುರಿಯಬೇಕೇ, ಇಷ್ಟೆಲ್ಲ ಖರ್ಚು ಮಾಡಿಯೂ ಇವಳು ಮೊದಲಿನಂತೆ ಆಗುತ್ತಾಳೆಂದು ಏನು ಗ್ಯಾರಂಟಿ. ಕೊನೆಯ ವಾಕ್ಯ ಭಾವನದಲ್ಲ, ನನ್ನದು. ಮಾತು ಮುಗಿಯುವ ಹೊತ್ತಿಗೆ ಅವಳ ಎಡಗಣ್ಣಿನ ಟೇಪಿನ ಅಂಚಿನಿಂದ ನೀರು ಕೆನ್ನೆಗೆ ಇಳಿಯುತ್ತಿತ್ತು. ಮುಲಾಮು ಹಚ್ಚಿದ ಕಣ್ಣಿನಿಂದ ನೀರು ಹಾಗೆಯೂ ಬರುತ್ತದೆ ಎಂದು ಸಿಸ್ಟರ್ ಸಮಾಧಾನ ಹೇಳಿದರು. ಆದರೆ ಮಾನಿಟರಿನಲ್ಲಿ ಎದೆಬಡಿತ 88ರಿಂದ 130ಕ್ಕೆ ಹೋಗಿತ್ತು. ಪ್ರಜ್ಞೆಗೆ ಕೈ ಹಚ್ಚುವುದಿಲ್ಲ ಎಂಬ ಮಾತಿನ ಅರ್ಥ ಆಗ ನನಗೆ ಆಯಿತು. ಬೆರಳು, ತುಟಿ, ರೆಪ್ಪೆ, ಗಂಟಲು ಎಲ್ಲವೂ ಸ್ತಬ್ಧವಾದ ಆ ಶರೀರದೊಳಗೆ ಅವಳು ಪೂರ್ತಿ ಎಚ್ಚರವಾಗಿ ಮಲಗಿ, ತನ್ನ ತಲೆಯ ಮೇಲೆ ನಡೆಯುವ ಎಲ್ಲ ಮಾತನ್ನೂ ಕೇಳುತ್ತಿದ್ದಳು.

ಅಂದಿನಿಂದ ನಾನು ಅವಳ ಮಂಚದ ಬಳಿ ಅವಳ ಬಗ್ಗೆ ಮಾತನಾಡುವುದನ್ನು ಬಿಟ್ಟು ಅವಳೊಂದಿಗೆ ಮಾತನಾಡತೊಡಗಿದೆ. ನೋಡಲು ಬಂದ ನೆಂಟರಿಗೂ ಬಾಗಿಲಲ್ಲೇ ಹೇಳುತ್ತಿದ್ದೆ: ಅಯ್ಯೋ ಎನ್ನುವುದಿದ್ದರೆ ಇಲ್ಲೇ ಅಂದು ಮುಗಿಸಿ. ಕೆಲವರಿಗೆ ಬೇಸರವಾಯಿತು, ಆಗಲಿ. ಏನು ಮಾತನಾಡುವುದು ಎಂಬುದು ನಿಜಕ್ಕೂ ಕಷ್ಟದ ಪ್ರಶ್ನೆ. ಉತ್ತರ ಬಾರದ ಮಾತನ್ನು ಅರ್ಧ ಗಂಟೆ ಆಡುವುದು ಅಭ್ಯಾಸವಿಲ್ಲದ ಕೆಲಸ. ನಾನು ತಾರೀಖು ಹೇಳುತ್ತಿದ್ದೆ, ವಾರ ಹೇಳುತ್ತಿದ್ದೆ, ಮಳೆ ಬಂತೋ ಇಲ್ಲವೋ ಹೇಳುತ್ತಿದ್ದೆ, ಯಾರ ರವಿಕೆಯನ್ನು ಹೊಲಿಯದೆಯೇ ವಾಪಸು ಕೊಟ್ಟೆ ಎಂದು ಒಂದೊಂದಾಗಿ ಒಪ್ಪಿಸುತ್ತಿದ್ದೆ. ಆಮೇಲೆ ಅವಳು ಹೇಳಿದ್ದು: ಆ ತಾರೀಖು, ವಾರಗಳೇ ಅವಳಿಗೆ ಹಿಡಿದುಕೊಳ್ಳಲು ಸಿಕ್ಕ ಗೂಟ. ಅವು ಇಲ್ಲದ ರಾತ್ರಿಗಳಲ್ಲಿ ಮಂಚ ತುಂಗಾ ನದಿಯ ಮೇಲೆ ತೇಲುತ್ತಾ ರಾಮ ಮಂಟಪದ ಕಡೆಗೆ ಹೋಗುತ್ತಿತ್ತಂತೆ, ದಡದಲ್ಲಿ ನಿಂತವರು ಯಾರೂ ಕೈ ಚಾಚುತ್ತಿರಲಿಲ್ಲವಂತೆ. ಐಸಿಯುವಿನಲ್ಲಿ ಹಗಲು ರಾತ್ರಿಯ ವ್ಯತ್ಯಾಸ ಅಳಿಸಿಹೋದಾಗ ಇಂತಹ ಭ್ರಮೆಗಳು ಅನೇಕರಿಗೆ ಆಗುತ್ತವೆ.

ವೆಂಟಿಲೇಟರಿನ ಸದ್ದನ್ನು ಕೇಳುತ್ತಾ ಕೂತ ದಿನಗಳಲ್ಲಿ ನಾನು ಓದಿ ತಿಳಿದ ಒಂದು ಸಂಗತಿ ಈಗಲೂ ಮನಸ್ಸಿನಲ್ಲಿದೆ. 1952ರ ಆಗಸ್ಟ್‌ನಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಪೋಲಿಯೊ ಹಬ್ಬಿ, ಉಸಿರಾಟದ ಸ್ನಾಯುಗಳು ಸೋತ ರೋಗಿಗಳಿಗೆ ಯಂತ್ರಗಳು ಸಾಲದಾದಾಗ, ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ವೈದ್ಯರು ಕುತ್ತಿಗೆಯಲ್ಲಿ ರಂಧ್ರ ಮಾಡಿ ಕೊಳವೆ ಇಟ್ಟು, ರಬ್ಬರ್ ಚೀಲ ಒತ್ತಿ ಕೈಯಿಂದಲೇ ಉಸಿರು ಕೊಡುವ ದಾರಿ ತೋರಿಸಿದರು. ಸುಮಾರು 1,500 ವಿದ್ಯಾರ್ಥಿಗಳು ಪಾಳಿಯಲ್ಲಿ ಕೂತು, ಹಗಲು ರಾತ್ರಿ, ತಿಂಗಳುಗಟ್ಟಲೆ ಆ ಚೀಲಗಳನ್ನು ಒತ್ತಿದರು. ಇಂದಿನ ಐಸಿಯು ಹುಟ್ಟಿದ್ದು ಅಲ್ಲಿಂದ. ನನ್ನ ಹೆಂಡತಿಗೆ ಉಸಿರು ಕೊಡುತ್ತಿದ್ದ ಪೆಟ್ಟಿಗೆ ಆ ವಿದ್ಯಾರ್ಥಿಗಳ ಕೈಯ ಬದಲಿಗೆ ಬಂದದ್ದು. ಕೈ ಚೀಲದ ಮೇಲಿದ್ದರೂ ಅವರ ಕಣ್ಣು ಪಕ್ಕದ ಮುಖದ ಮೇಲೆ ಇದ್ದಿರಬೇಕು. ಯಂತ್ರ ಆ ಎರಡನೆಯ ಕೆಲಸವನ್ನು ಮಾಡುವುದಿಲ್ಲ, ಅದನ್ನು ಕಡೆಯವರು ಮಾಡಬೇಕು ಎಂದು ನನಗೆ ಅನ್ನಿಸಿತು.

ಹನ್ನೆರಡನೆಯ ದಿನ ಅವಳಿಗೂ ಕುತ್ತಿಗೆಯಲ್ಲಿ ರಂಧ್ರ ಮಾಡಿ ಬಾಯಿಯ ಕೊಳವೆಯನ್ನು ತೆಗೆದರು. ಟ್ರೇಕಿಯಾಸ್ಟಮಿ ಎಂದರೆ ನಮ್ಮ ಕಡೆ ಜನ ಬೆಚ್ಚುತ್ತಾರೆ, ನಾನೂ ಬೆಚ್ಚಿದ್ದೆ. ಆದರೆ ಬಾಯಿ ಬಿಡುವಾದ ಮೇಲೆ ಅವಳ ಮುಖ ಮತ್ತೆ ಅವಳದಾಯಿತು. ಕಣ್ಣಗುಡ್ಡೆಗಳ ಚಲನೆ ಮಾತ್ರ ಉಳಿದಿತ್ತು. ಮೇಲೆ ನೋಡಿದರೆ ಹೌದು, ಪಕ್ಕಕ್ಕೆ ನೋಡಿದರೆ ಇಲ್ಲ ಎಂದು ಸಿಸ್ಟರ್‌ಗಳು ಅವಳಿಗೆ ಕಲಿಸಿದ್ದರು. ಆದರೆ ಹೌದು, ಇಲ್ಲ ಎಂಬ ಉತ್ತರ ಸಿಗಬೇಕಾದರೆ ಸರಿಯಾದ ಪ್ರಶ್ನೆ ನಮಗೆ ಹೊಳೆಯಬೇಕಲ್ಲ? ನೋವಿದೆಯಾ ಎಂದರೆ ಮೇಲೆ. ಕಾಲಾ, ಬೆನ್ನಾ, ಕುತ್ತಿಗೆಯಾ, ಗಂಟಲಾ ಎಂದರೆ ಪಕ್ಕಕ್ಕೆ, ಪಕ್ಕಕ್ಕೆ, ಪಕ್ಕಕ್ಕೆ. ನಮ್ಮ ಪ್ರಶ್ನೆಗಳು ಮುಗಿದಾಗ ಅವಳ ನೋವು ಹಾಗೆಯೇ ಉಳಿಯುತ್ತಿತ್ತು.

ಕಾಸರಗೋಡಿನ ಕಡೆಯ ಫಿಸಿಯೋಥೆರಪಿಯ ಹುಡುಗಿಯೊಬ್ಬಳು, ಇಂಗ್ಲಿಷ್ ಅಕ್ಷರಗಳ ಪಟ್ಟಿ ಹಿಡಿದು ಒಂದೊಂದೇ ಅಕ್ಷರ ತೋರಿಸುವ ಕ್ರಮವಿದೆ, ನೀವು ಕನ್ನಡದಲ್ಲೇ ಮಾಡಿ ನೋಡಿ ಅಂಕಲ್ ಎಂದಳು. ಆಸ್ಪತ್ರೆಯ ಎದುರಿನ ಸ್ಟೇಷನರಿ ಅಂಗಡಿಯಲ್ಲಿ ಮಕ್ಕಳ ವರ್ಣಮಾಲೆಯ ಚಾರ್ಟು ತಂದೆ. ಆನೆ, ಇಲಿ, ಉಡಗಳ ಚಿತ್ರಗಳ ನಡುವೆ 49 ಅಕ್ಷರಗಳನ್ನು ಒಂದೊಂದಾಗಿ ತೋರಿಸುತ್ತಾ ಹೋದರೆ ಒಂದು ಅಕ್ಷರಕ್ಕೇ ಅವಳು ದಣಿಯುತ್ತಿದ್ದಳು. ಅಂದು ರಾತ್ರಿ ಹಾಲ್‌ನ ಚಾಪೆಯ ಮೇಲೆ ಕೂತು ಯೋಚಿಸುವಾಗ, ನಮ್ಮ ಹಿರಿಯರು ಅಕ್ಷರಗಳನ್ನು ಮೊದಲೇ ಸಾಲು ಕಟ್ಟಿ ಇಟ್ಟಿದ್ದಾರೆ ಎಂಬುದು ಕಣ್ಣಿಗೆ ಬಿತ್ತು. ಗಂಟಲಿನ ಕವರ್ಗದಿಂದ ತುಟಿಯ ಪವರ್ಗದವರೆಗೆ ಐದು ಸಾಲು, ಸಾಲಿಗೆ ಐದು ಅಕ್ಷರ. ಮೊದಲು ಸಾಲು ಕೇಳುವುದು, ಆಮೇಲೆ ಸಾಲಿನೊಳಗಿನ ಅಕ್ಷರ, ಕೊನೆಗೆ ಸ್ವರ. ಹೆರಿಗೆಯ ಮನೆಯಿಂದ ಅಡಿಗೆಮನೆಯವರೆಗೆ ನಾವು ಆಡುವ ಮಾತಿಗೆ ಮಹಾಪ್ರಾಣ ಅಷ್ಟಾಗಿ ಬೇಡ ಎಂದು ಖ, ಘ, ಛ, ಝ ಮೊದಲಾದ ಹತ್ತನ್ನೂ ಬಿಟ್ಟೆ. ಙ, ಞ, ಷಗಳನ್ನೂ ಬಿಟ್ಟೆ. ದೀರ್ಘವೋ ಹ್ರಸ್ವವೋ ಎಂಬುದನ್ನು ಸಂದರ್ಭಕ್ಕೆ ಬಿಟ್ಟೆ. ಒತ್ತಕ್ಷರವಂತೂ ಇಲ್ಲವೇ ಇಲ್ಲ: ಕತ್ತು ಎನ್ನಬೇಕಾದರೆ ಕತು. ಔಷಧದ ಪೆಟ್ಟಿಗೆಯ ರಟ್ಟನ್ನು ಬಿಡಿಸಿ, ದಪ್ಪ ಸ್ಕೆಚ್ ಪೆನ್ನಿನಲ್ಲಿ 21 ವ್ಯಂಜನ, 5 ಸ್ವರ ಬರೆದೆ. ಕನ್ನಡವನ್ನು ಅಷ್ಟು ಹತ್ತಿರದಿಂದ ನಾನು ಎಂದೂ ನೋಡಿರಲಿಲ್ಲ.

ಹದಿನೈದನೆಯ ದಿನ ಸಂಜೆ ಮೊದಲ ಪದ ಬಂತು. ರಟ್ಟಿನಲ್ಲಿ ಮೊದಲ ಸಾಲು ಸ್ವರಗಳದು. ಎರಡನೇ ಸಾಲು ಎಂದಾಗ ಕಣ್ಣು ಮೇಲೆ ಹೋಯಿತು. ಕ ಎಂದಾಗ ಮೇಲೆ. ಅ ಎಂದಾಗ ಪಕ್ಕಕ್ಕೆ, ಇ ಎಂದಾಗ ಮೇಲೆ. ಮುಂದಿನದು ಏಳನೇ ಸಾಲು. ಯ, ರ, ಲ ದಾಟಿ ವ. ಮತ್ತೆ ಇ. ಕಿವಿ! ನಾನು ಅವಳ ತಲೆಯನ್ನು ಎರಡೂ ಕೈಯಿಂದ ಮೆಲ್ಲಗೆ ಎತ್ತಿದೆ. ಬಲಕ್ಕೆ ಹೊರಳಿಸಿ ಮಲಗಿಸಿದಾಗ ಬಲಗಿವಿ ಮಡಚಿಕೊಂಡು ದಿಂಬಿನಡಿ ಸಿಕ್ಕಿತ್ತು. ಅಂಚು ಕೆಂಪೇರಿ, ಮಡಿಕೆಯ ಗೆರೆ ಆಳವಾಗಿ ಮೂಡಿತ್ತು. ಎಷ್ಟು ಹೊತ್ತಿನಿಂದ ಹಾಗಿತ್ತೋ. ಕಿವಿಯನ್ನು ಬಿಡಿಸಿ ಅಂಗೈಯಿಂದ ಮುಚ್ಚಿ ಹಿಡಿದು ನಿಂತೆ. ಅಷ್ಟು ದಿನ ನಾವು ಕೇಳಿದ ನೂರಾರು ಪ್ರಶ್ನೆಗಳಲ್ಲಿ ಕಿವಿ ಇರಲಿಲ್ಲ. ಪುಸ್ತಕದಲ್ಲಿ ಆ ದಿನದ ಪುಟದಲ್ಲಿ ನಾನು ಬರೆದಿರುವುದು ಇಷ್ಟೇ: "ಕಿವಿ. ಬಲ. ನಾಲ್ಕು ನಿಮಿಷ ಹಿಡಿಯಿತು."

ಆ ಪುಸ್ತಕ 200 ಪುಟದ ಲೆಕ್ಕದ ಪುಸ್ತಕ. ಬಿಲ್ಲು ಬರೆದಿಡಲು ಕೊಂಡದ್ದು. ಹಿರಿಯ ಸಿಸ್ಟರ್ ಒಬ್ಬರು, ಖರ್ಚು ಮಾತ್ರ ಯಾಕೆ, ದಿನಾ ಏನಾಯಿತು ಎಂದೂ ಬರೆಯಿರಿ, ಮುಂದೆ ಅಮ್ಮನಿಗೇ ಬೇಕಾಗುತ್ತದೆ ಎಂದಿದ್ದರು. ಸ್ಕ್ಯಾಂಡಿನೇವಿಯಾದ ಐಸಿಯುಗಳಲ್ಲಿ ನರ್ಸುಗಳೂ ಮನೆಯವರೂ ಸೇರಿ ರೋಗಿಗಾಗಿ ಹೀಗೆ ದಿನಚರಿ ಬರೆದಿಡುವ ರೂಢಿ ಹಲವು ದಶಕಗಳಿಂದ ಇದೆಯೆಂದು ನನಗೆ ಆಮೇಲೆ ತಿಳಿಯಿತು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿದ್ದು, ಕಫ ಎಳೆದಾಗ ಎದೆಬಡಿತ ಒಮ್ಮೆಲೇ ಇಳಿದದ್ದು, ಹೊದಿಕೆ ತಾಗಿದರೂ ಪಾದ ಉರಿಯುತ್ತದೆಂದು ಕಾಲಿನ ಮೇಲೆ ಬಟ್ಟೆ ಸೋಕದಂತೆ ಮಾಡಿದ್ದು, ಮೂಗಿನ ನಳಿಗೆಯಲ್ಲಿ ರಾಗಿ ಗಂಜಿ ಬಿಟ್ಟದ್ದು, ಜಡೆ ಗಂಟಾಗಿ ಕತ್ತರಿಸಬೇಕಾಗುತ್ತದೆ ಎಂದಾಗ ಎರಡು ಭೇಟಿಯ ಪೂರ್ತಿ ಸಮಯ ತೆಂಗಿನೆಣ್ಣೆ ಹಚ್ಚಿ ಎಳೆ ಎಳೆ ಬಿಡಿಸಿದ್ದು, ಎಲ್ಲವೂ ಅದರಲ್ಲಿದೆ. ದಿನಾ ಬೆಳಿಗ್ಗೆ ನೆಲ ಒರೆಸಲು ಬರುತ್ತಿದ್ದ ಹೆಂಗಸು ಮಂಚದ ಬಳಿ ನಿಂತು "ಎಂಚ ಉಲ್ಲರ್ ಅಕ್ಕ?" (ಹೇಗಿದ್ದೀರಿ ಅಕ್ಕ?) ಎಂದು ತುಳುವಿನಲ್ಲಿ ಅವಳನ್ನೇ ಕೇಳಿ, ಉತ್ತರಕ್ಕೆ ಕಾಯುವಷ್ಟು ಹೊತ್ತು ನಿಂತು ಮುಂದೆ ಹೋಗುತ್ತಿದ್ದದ್ದೂ ಇದೆ.

ಇಪ್ಪತ್ತನೆಯ ದಿನವೂ ಅದರಲ್ಲಿದೆ. ಹಿಂದಿನ ದಿನ ಅವಳಿಗೆ ಶ್ವಾಸಕೋಶದ ಸೋಂಕಾಗಿ ಜ್ವರ 103ಕ್ಕೆ ಹೋಗಿತ್ತು. ನರಗಳ ಪರೀಕ್ಷೆಯಲ್ಲಿ ಕಾಲಿನ ಕೆಲವು ನರಗಳ ತಂತುವಿಗೇ ಪೆಟ್ಟಾಗಿದೆ, ಪಾದಗಳು ಪೂರ್ತಿ ಸರಿಯಾಗದೆ ಇರಬಹುದು, ಇನ್ನೂ ಎಷ್ಟು ವಾರ ವೆಂಟಿಲೇಟರ್ ಬೇಕೋ ಈಗ ಹೇಳಲಾಗದು ಎಂದು ವೈದ್ಯರು ತಿಳಿಸಿದ್ದರು. ಇಪ್ಪತ್ತನೆಯ ದಿನ ಸಂಜೆ ಐದರ ಭೇಟಿಗೆ ಅರ್ಧ ಗಂಟೆ ಇರುವಾಗ ನಾನು ಪಾಸ್ ಕಾರ್ಡನ್ನು ಜೇಬಿನಲ್ಲಿ ಇಟ್ಟುಕೊಂಡು ಮೆಟ್ಟಿಲಿಳಿದು ಹೊರಗೆ ಬಂದೆ. ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದವರೆಗೆ ನಡೆದು, ಎದುರಿಗೆ ಸಿಕ್ಕ ಬಸ್ ಹತ್ತಿ ಪಣಂಬೂರಿನಲ್ಲಿ ಇಳಿದೆ. ಮರಳಿನ ಮೇಲೆ ಕೂತು, ಬಂದರಿಗೆ ಹೋಗಲು ದೂರದಲ್ಲಿ ಕಾದು ನಿಂತಿದ್ದ ಹಡಗುಗಳ ದೀಪ ಒಂದೊಂದೇ ಹತ್ತುವವರೆಗೆ ನೋಡಿದೆ. ಅಳಲಿಲ್ಲ, ಪ್ರಾರ್ಥಿಸಲಿಲ್ಲ. ಆ ಅರ್ಧ ಗಂಟೆಯಲ್ಲಿ ಅವಳ ಮಂಚದ ಎದುರಿನ ಗೋಡೆ ಗಡಿಯಾರದಲ್ಲಿ ಮುಳ್ಳು ಐದರಿಂದ ಐದೂವರೆಗೆ ಹೋಗುವುದನ್ನು ಅವಳು ನೋಡುತ್ತಿರುತ್ತಾಳೆ ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೂ ಕೂತಿದ್ದೆ.

ಮರುದಿನ ಸೊಸೈಟಿಯ ಕೆಲಸ ಬಂದಿತ್ತು ಎಂದು ಅವಳಿಗೆ ಸುಳ್ಳು ಹೇಳಿದೆ. ಅವಳು ರಟ್ಟಿನ ಕಡೆ ಕಣ್ಣು ಹಾಯಿಸಿದಳು. ನ, ಇ. ದ, ಎ. ನಿದೆ. ನಿದ್ದೆ ಬರಲಿಲ್ಲವಾ ಎಂದು ನಾನೇ ವಾಕ್ಯ ಮುಗಿಸಿ, ಸಿಸ್ಟರ್‌ಗೆ ಹೇಳಿ, ರಾತ್ರಿ ಅವಳ ಮೇಲಿನ ದೀಪ ಆರಿಸುವ ವ್ಯವಸ್ಥೆ ಮಾಡಿ, ಹೊತ್ತಾಯಿತೆಂದು ರಟ್ಟು ಮಡಚಿ ಹೊರಟೆ. ಮನೆಗೆ ಬಂದ ಎಷ್ಟೋ ತಿಂಗಳ ನಂತರ ಒಂದು ದಿನ ಅವಳು ಹೇಳಿದಳು: ಅವಳು ಕೇಳುತ್ತಿದ್ದದ್ದು ನನ್ನ ನಿದ್ದೆಯನ್ನು. "ನಿಮ್ಮ ಮುಖ ನೋಡಿ ನಿದ್ದೆ ಮಾಡಿದ್ರಾ ಅಂತ ಕೇಳೋಕೆ ಹೋದೆ, ನೀವು ಬಿಡ್ಲೇ ಇಲ್ಲ." ಮಾತು ನಿಧಾನವಾದವರ ವಾಕ್ಯವನ್ನು ನಾವು ಮುಗಿಸುತ್ತೇವೆ, ಅದನ್ನು ಉಪಕಾರ ಎಂದೇ ತಿಳಿದಿರುತ್ತೇವೆ. ಒಂದು ಅಕ್ಷರಕ್ಕೆ ಒಂದು ನಿಮಿಷ ತೆರುತ್ತಿದ್ದವಳ ಬಾಯಿಂದ ನಾನು ಅವಳ ಪ್ರಶ್ನೆಯನ್ನು ಕಿತ್ತುಕೊಂಡಿದ್ದೆ. ರೋಗಿಯ ಪಕ್ಕ ಕೂರುವವರಿಗೆ ನಾನು ಖಚಿತವಾಗಿ ಹೇಳಬಲ್ಲ ಒಂದೇ ಮಾತು ಇದು: ಪದ ಪೂರ್ತಿ ಬರಲಿ, ಅದಾದ ಮೇಲೆ ಮುಂದೇನು ಎಂದು ಇನ್ನೊಮ್ಮೆ ಕೇಳಿ.

ಮೂವತ್ತೊಂದನೆಯ ದಿನ ಅವಳ ಬಲ ಭುಜ ಒಂದು ಬೆರಳಿನಷ್ಟು ಮೇಲೆದ್ದಿತು. ಪಾದದಿಂದ ಏರಿದ ಕಾಯಿಲೆ ಇಳಿಯುವಾಗ ಸಾಮಾನ್ಯವಾಗಿ ಮೇಲಿನಿಂದ ಕೆಳಗೆ ಇಳಿಯುತ್ತದೆ. ಭುಜ, ಮೊಣಕೈ, ಮಣಿಕಟ್ಟು, ಬೆರಳು. ಆಮೇಲೆ ವೆಂಟಿಲೇಟರ್ ಬಿಡಿಸುವ ಪಾಠ. ಮೊದಲ ದಿನ ಹತ್ತು ನಿಮಿಷ ಯಂತ್ರದ ಆಸರೆಯಿಲ್ಲದೆ, ಕುತ್ತಿಗೆಯ ಕೊಳವೆಗೆ ಆಮ್ಲಜನಕ ಮಾತ್ರ ಕೊಟ್ಟು. ಆಮೇಲೆ ಅರ್ಧ ಗಂಟೆ. ಎರಡು ಗಂಟೆ ಮುಟ್ಟಿದ ದಿನ ಇಡೀ ಹಾಲ್‌ಗೆ ಚಹಾ ಕೊಡಿಸಿದೆ. ಮರುದಿನ ಮತ್ತೆ ಜ್ವರ ಬಂದು ಪೂರ್ತಿ ಯಂತ್ರಕ್ಕೆ ಹೋದಳು, ನಾಲ್ಕು ದಿನ ಪುಸ್ತಕದಲ್ಲಿ "ಸೊನ್ನೆ" ಎಂದಿದೆ. ನಿಧಾನದ ಚೇತರಿಕೆಯಲ್ಲಿ ಮುಂದೆ ಹೋದ ದಿನಕ್ಕಿಂತ ಹಿಂದೆ ಬಂದ ದಿನವೇ ಜೊತೆಗಿರುವವರನ್ನು ಹೆಚ್ಚು ಮುರಿಯುತ್ತದೆ. ಅಂತಹ ದಿನ ನಾನು ಪುಸ್ತಕವನ್ನು ಹಿಂದಕ್ಕೆ ತಿರುಗಿಸಿ, ಒಂದು ವಾರದ ಹಿಂದಿನ ಪುಟವನ್ನು ಅವಳಿಗೆ ಓದಿ ಹೇಳುತ್ತಿದ್ದೆ. ನಿನ್ನೆಗೆ ಹೋಲಿಸಬೇಡಿ, ಕಳೆದ ವಾರಕ್ಕೆ ಹೋಲಿಸಿ ಎಂದು ಹೇಳಿಕೊಟ್ಟದ್ದು ಅದೇ ಫಿಸಿಯೋಥೆರಪಿಯ ಹುಡುಗಿ.

47ನೆಯ ದಿನ ವೆಂಟಿಲೇಟರ್ ಪೂರ್ತಿ ಬಿಟ್ಟಿತು. ಕೆಲವು ದಿನಗಳ ನಂತರ ಕೊಳವೆಯ ಬಾಯಿಗೆ ಮಾತಿನ ಕವಾಟ ಹಾಕಿದಾಗ, ಮೊದಲ ರಾತ್ರಿಯ ಅದೇ ಯುವ ವೈದ್ಯ ಬಂದು ಒಂದರಿಂದ ಎಣಿಸಿ ಅಮ್ಮಾ ಎಂದರು. ಒಣಗಿದ, ಪಿಸುಗುಡುವ ದನಿಯಲ್ಲಿ ಅವಳು 6ರವರೆಗೆ ಎಣಿಸಿದಳು. ಎರಡು ದಿನಕ್ಕೆ 8, ಆಮೇಲೆ 11. ಅವಳನ್ನು ನಿಲ್ಲಿಸಿದ್ದ ಹತ್ತನ್ನು ಅವಳು ದಾಟಿದಾಗ ನಾನು ಗೋಡೆಯ ಕಡೆ ತಿರುಗಿ ನಿಲ್ಲಬೇಕಾಯಿತು. ದೀಪಾವಳಿಯ ಪಾಡ್ಯದ ಹಿಂದಿನ ದಿನ, ನವೆಂಬರ್ 13ರಂದು, ಐಸಿಯುವಿನಿಂದ ವಾರ್ಡಿಗೆ ಬಂದೆವು. ಜೇಬಿನ ಕವರ್ ಅಂದು ತೆರೆಯಿತು. ತಾಳಿ ಸರವನ್ನು ಕುತ್ತಿಗೆಯ ಗಾಯಕ್ಕೆ ತಾಗದಂತೆ ಹಾಕಿದೆ. ಮೂಗುತಿಯ ರಂಧ್ರ ಮುಚ್ಚಿಹೋಗಿತ್ತು.

ಮನೆಗೆ ಬಂದರೆ ಮುಗಿಯಿತು ಎಂದು ಊರು ತಿಳಿಯುತ್ತದೆ. ಸ್ಪರ್ಶ ಇಲ್ಲದ ಪಾದಕ್ಕೆ ಬಿಸಿನೀರಿನ ಅಂದಾಜು ಇಲ್ಲ, ಬೆರಳಿಗೆ ರವಿಕೆಯ ಹುಕ್ಕು ಹಾಕುವ ಬಲವಿಲ್ಲ, ಮಿಕ್ಸಿಯ ಸದ್ದು ಒಮ್ಮೆ ಅಲಾರಂನಂತೆ ಕೇಳಿ ಮೈ ಬೆವರುತ್ತದೆ. ಐಸಿಯುವಿನಿಂದ ಬಂದವರಿಗೂ ಅವರನ್ನು ಕಾದವರಿಗೂ ಹೀಗಾಗುವುದು ಎಷ್ಟು ಸಾಮಾನ್ಯವೆಂದರೆ ವೈದ್ಯರು ಅದಕ್ಕೊಂದು ಹೆಸರನ್ನೇ ಇಟ್ಟಿದ್ದಾರೆ. ಕುಟುಂಬದವರದ್ದಕ್ಕೂ ಪ್ರತ್ಯೇಕ ಹೆಸರಿದೆ. ಬಿಡುಗಡೆಯ ಚೀಟಿಯಲ್ಲಿ ಮಾತ್ರೆಗಳ ಪಟ್ಟಿಯ ಕೆಳಗೆ ಇದನ್ನೂ ಒಂದು ಸಾಲು ಬರೆದು ಕೊಡಬೇಕು ಎಂಬುದು ನನ್ನ ಅಭಿಪ್ರಾಯ. ಈ ಕಾಯಿಲೆಯಾದ ಐವರಲ್ಲಿ ನಾಲ್ವರು ಆರು ತಿಂಗಳಲ್ಲಿ ತಾವಾಗಿ ನಡೆಯುತ್ತಾರೆ. ಅವಳು ಐದನೆಯವಳು, ನಡೆದದ್ದು ಒಂಬತ್ತನೆಯ ತಿಂಗಳಲ್ಲಿ, ಪಾದಕ್ಕೆ ಪ್ಲಾಸ್ಟಿಕ್ ಪಟ್ಟಿ ಕಟ್ಟಿಕೊಂಡು. ಎಡ ಪಾದ ಈಗಲೂ ತುಸು ಎಳೆಯುತ್ತದೆ. ಪೆಡಲ್ ಬದಲಿಗೆ ಯಂತ್ರಕ್ಕೆ ಮೋಟರ್ ಕೂರಿಸಿದ್ದೇವೆ, ಸೂಜಿಗೆ ದಾರ ಪೋಣಿಸುವುದು ನನ್ನ ಕೆಲಸ.

2025ರ ಜನವರಿ, ಫೆಬ್ರುವರಿಯಲ್ಲಿ ಪುಣೆಯ ಸಿಂಹಗಡ ರಸ್ತೆಯ ಆಸುಪಾಸಿನಲ್ಲಿ 200ಕ್ಕೂ ಹೆಚ್ಚು ಜನರಿಗೆ ಜಿಬಿಎಸ್ ಬಂದಿದೆ, ನೀರು ಕಲುಷಿತವಾಗಿದೆ ಎಂಬ ಸುದ್ದಿ ಪತ್ರಿಕೆಯಲ್ಲಿ ದಿನವೂ ಬರುತ್ತಿತ್ತು. ಅವಳು ಪ್ರತಿ ದಿನ ಅದನ್ನು ಓದಿ, ಎಷ್ಟು ಜನ ವೆಂಟಿಲೇಟರ್ ಮೇಲಿದ್ದಾರೆ ಎಂಬ ಸಾಲಿನ ಮೇಲೆ ಬೆರಳಿಟ್ಟು ಸುಮ್ಮನೆ ಕೂರುತ್ತಿದ್ದಳು. ಒಂದು ದಿನ, "ಅವರ ಕಡೆಯವರಿಗೆ ಯಾರಾದ್ರೂ ಹೇಳಿರ್ತಾರಾ, ನಮಗೆ ಎಲ್ಲಾ ಕೇಳಿಸ್ತಿರುತ್ತೆ ಅಂತ?" ಎಂದಳು. ಇದನ್ನು ಬರೆಯಬೇಕು ಎಂದು ನನಗೆ ಅನ್ನಿಸಿದ್ದು ಅಂದು. ಏನನ್ನು ಬೇಕಾದರೂ ಬರೆಯಿರಿ, ನಾನು ನನ್ನ ಟೈಮಿಗೆ ಓದುತ್ತೇನೆ ಎಂದಿದ್ದಾಳೆ.

ಲೆಕ್ಕದ ಪುಸ್ತಕವನ್ನೂ ಹಾಗೆಯೇ ತನ್ನ ಟೈಮಿಗೆ ಓದುತ್ತಿದ್ದಾಳೆ. ಒಂದು ಪುಟ ಓದಿ, ಕೆಲವು ವಾರ ಬಿಟ್ಟು ಮುಂದಿನದು. ತೋಟದ ಮಾತಿನ ಪುಟ ಓದಿದ ದಿನ ಏನೂ ಹೇಳಲಿಲ್ಲ. ಕಿವಿಯ ಪುಟ ಓದಿ ತನ್ನ ಬಲಗಿವಿಯನ್ನು ಮುಟ್ಟಿ ನೋಡಿಕೊಂಡಳು. ಈಗ ಹತ್ತೊಂಬತ್ತನೆಯ ದಿನದವರೆಗೆ ಬಂದಿದ್ದಾಳೆ. ಅಲ್ಲಿ ಕೆಂಪು ದಾರದ ಎಳೆಯೊಂದನ್ನು ಗುರುತಿಗೆ ಇಟ್ಟು, ಯಂತ್ರದ ಡ್ರಾಯರಿನಲ್ಲಿ ಬಾಬಿನ್‌ಗಳ ಪಕ್ಕದಲ್ಲಿ ಇಟ್ಟುಕೊಂಡಿದ್ದಾಳೆ. ಮುಂದಿನ ಪುಟದಲ್ಲಿ ಪಣಂಬೂರು ಇದೆ. ಓದು ಎಂದು ನಾನು ಹೇಳಿಲ್ಲ, ಬೇಡ ಎಂದೂ ಹೇಳಿಲ್ಲ. ಸೂಜಿ ತೆಗೆಯಲು ಡ್ರಾಯರ್ ಎಳೆದಾಗಲೆಲ್ಲ ದಾರ ಎಲ್ಲಿದೆ ಎಂದು ನೋಡುತ್ತೇನೆ.